ಬಾಳೆದಿಂಡಿನ ರಸ ಯಾರಿಗೆ ಮಾಡಿಕೊಡುತ್ತಿದ್ದಿರಿ?

ಕುಮಟಾದ ಪ್ರಯೋಗಾಲಯವೊಂದರಲ್ಲಿ 16 ವರ್ಷಗಳಿಂದ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ಕಿಡ್ನಿ ಕಲ್ಲಿನ ನೋವಿನವರು ಹೆಚ್ಚುತ್ತಾರೆ. ಮೀನುಗಾರಿಕೆ ದೋಣಿಯಲ್ಲಿ ದುಡಿಯುವವರು, ಗದ್ದೆ ಕೆಲಸದವರು, ರಿಕ್ಷಾ ಓಡಿಸುವವರು. ಕರಾವಳಿಯ ಸೆಕೆಗೆ ಬೆವರು ಹರಿದು, ನೀರು ಕುಡಿಯುವುದು ಕಡಿಮೆಯಾಗಿ, ಮೂತ್ರ ಗಟ್ಟಿಯಾಗುತ್ತದೆ. ಕಾರಣ ಅಷ್ಟೇ ಎಂದು ನಾನೂ ನಂಬಿಕೊಂಡಿದ್ದೆ. ಆದ್ದರಿಂದಲೇ, ನಮ್ಮ ನಮೂನೆಯಲ್ಲಿ 'ಮನೆಯಲ್ಲಿ ಬೇರೆ ಯಾರಿಗಾದರೂ ಕಲ್ಲು ಆಗಿದೆಯೇ' ಎಂಬ ಸಾಲಿದ್ದರೂ, ಗಡಿಬಿಡಿಯ ಬೆಳಿಗ್ಗೆಗಳಲ್ಲಿ ಕೇಳದೆಯೇ 'ಇಲ್ಲ' ಎಂದು ಬರೆದುಬಿಡುತ್ತಿದ್ದೆ.

ಹೊನ್ನಾವರದ ಕಡೆಯ 11 ವರ್ಷದ ಹುಡುಗನೊಬ್ಬ ಎರಡನೆಯ ಸಲ ಕಲ್ಲಾಗಿ ಬಂದ. ಎರಡು ವರ್ಷದ ಹಿಂದೆ ಅವನ ವರದಿಯಲ್ಲಿ ನಾನು ಬರೆದದ್ದು 'ಹರಳುಗಳಿವೆ' ಎಂದಷ್ಟೇ. ಯಾವ ಹರಳು ಎಂದು ಬರೆದಿರಲಿಲ್ಲ. ಆಗ ತೆಗೆದ ಕಲ್ಲನ್ನೂ ಯಾರೂ ಪರೀಕ್ಷೆಗೆ ಕಳುಹಿಸಿರಲಿಲ್ಲ. ಈ ಸಲ ವೈದ್ಯರು ಫೋನ್ ಮಾಡಿ, ಬೆಳಗಿನ ಮೊದಲ ಮೂತ್ರವನ್ನು ತರಿಸಿ ಹರಳಿನ ಆಕಾರ ಹೇಳಿ ಎಂದರು.

ದಿನವೂ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಅಂಚೆ ಲಕೋಟೆಯ ಬೆನ್ನಿನಂತಿರುತ್ತದೆ. ಅಂದು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬಣ್ಣವಿಲ್ಲದ, ಗಾಜಿನಂತೆ ತೆಳುವಾದ, ಆರು ಮೂಲೆಯ ಬಿಲ್ಲೆಗಳು. ಓದುವಾಗ ಚಿತ್ರದಲ್ಲಿ ನೋಡಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ಸಿಸ್ಟೀನ್. ಎರಡು ವರ್ಷದ ಹಿಂದೆಯೂ ಇವೇ ಇದ್ದಿರಬೇಕು ಎಂದು ಹೊಳೆದಾಗ ಎದೆ ಭಾರವಾಯಿತು.

ಮೂತ್ರಪಿಂಡವು ಸೋಸಿದ ದ್ರವದಿಂದ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳಬೇಕು. ಅದನ್ನು ಎಳೆದುಕೊಳ್ಳುವ ವ್ಯವಸ್ಥೆಯನ್ನು ಕಟ್ಟಿಕೊಡುವುದು ಎಸ್ಎಲ್‌ಸಿ3ಎ1 ಮತ್ತು ಎಸ್ಎಲ್‌ಸಿ7ಎ9 ಎಂಬ ಎರಡು ಜೀನ್‌ಗಳು. ಅವುಗಳಲ್ಲಿ ಒಂದು ಕೆಟ್ಟರೂ ಸಿಸ್ಟೀನ್ ಮೂತ್ರದಲ್ಲೇ ಉಳಿದು ಹರಳುಗಟ್ಟುತ್ತದೆ. ಸಾಮಾನ್ಯವಾಗಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಒಂದೇ ಜೀನಿನ ಕೆಟ್ಟ ಪ್ರತಿ ಎರಡೂ ಕೂಡಿದಾಗಲೇ ಕಾಯಿಲೆ ಬರುತ್ತದೆ. ಒಂದೊಂದೇ ಪ್ರತಿ ಹೊತ್ತ ತಂದೆತಾಯಿ ಆರೋಗ್ಯವಾಗಿಯೇ ಇರುತ್ತಾರೆ.

ಹಾಗಾಗಿ "ನಮ್ಮಲ್ಲಿ ಯಾರಿಗೂ ಇಲ್ಲ" ಎಂದು ಹುಡುಗನ ತಂದೆ ಹೇಳಿದ್ದು ತಮ್ಮ ಮಟ್ಟಿಗೆ ನಿಜವೇ. ಪಕ್ಕದಲ್ಲಿ ಅಜ್ಜಿ ಕುಳಿತಿದ್ದರು. ಏನು ತೋಚಿತೋ, ಅವರ ಕಡೆ ತಿರುಗಿ ಕೇಳಿದೆ: "ಅಮ್ಮ, ಮನೆಯಲ್ಲಿ ಬಾಳೆದಿಂಡಿನ ರಸ, ಹುರುಳಿ ಕಟ್ಟು ಯಾರಿಗಾದರೂ ಮಾಡಿಕೊಡುತ್ತಿದ್ದಿರಾ?"

"ದೊಡ್ಡವಳಿಗೆ ಕೊಡುತ್ತೇನಲ್ಲ. ಸೊಂಟದ ಬದಿ ಹಿಡಿದುಕೊಂಡು ಕೂರುತ್ತಾಳೆ."

ದೊಡ್ಡವಳು ಎಂದರೆ ಹುಡುಗನ ಅಕ್ಕ, 15 ವರ್ಷ. ಅದನ್ನು ಎಲ್ಲರೂ ಮುಟ್ಟಿನ ನೋವು ಎಂದುಕೊಂಡಿದ್ದರು. ಮರುದಿನ ಅವಳ ಸ್ಲೈಡಿನಲ್ಲೂ ಅದೇ ಆರು ಮೂಲೆಗಳು. ಸ್ಕ್ಯಾನ್‌ನಲ್ಲಿ ಎಡಗಡೆ ಕಲ್ಲು. ಮಾತು ಮುಂದುವರಿದಾಗ ತಂದೆತಾಯಿ ಸೋದರಿಕೆಯ ಸಂಬಂಧದವರು ಎಂದೂ ತಿಳಿಯಿತು. ಅಂಥವರಲ್ಲಿ ಅದೇ ಕೆಟ್ಟ ಪ್ರತಿ ಇಬ್ಬರಿಗೂ ಬಂದಿರುವ ಸಾಧ್ಯತೆ ಹೆಚ್ಚು. ಅದನ್ನು ಕೇಳುವಾಗ ದನಿಯಲ್ಲಿ ಆರೋಪ ಇಣುಕಬಾರದು. ತಾಯಿಯ ಕಣ್ಣಲ್ಲಿ ಆಗಲೇ ನೀರಿತ್ತು.

ಬಾಳೆದಿಂಡು ಕಲ್ಲನ್ನು ಕರಗಿಸುತ್ತದೆಯೇ ಎಂಬುದು ಬೇರೆ ಮಾತು. ಯಾರಿಗೆ ಯಾವಾಗ ನೋವು ಬಂದಿತ್ತು ಎಂಬ ಲೆಕ್ಕ ಮಾತ್ರ ಅಡುಗೆಮನೆಯಲ್ಲಿ ಭದ್ರವಾಗಿತ್ತು. ನನ್ನ ನಮೂನೆಯ ಪ್ರಶ್ನೆಗೆ ಅಲ್ಲಿಗೆ ಹೋಗುವ ದಾರಿ ಗೊತ್ತಿರಲಿಲ್ಲ.

ಸಿಸ್ಟೀನ್ ಕಲ್ಲು ಅಪರೂಪ. ದೊಡ್ಡವರ ಕಲ್ಲುಗಳಲ್ಲಿ ನೂರಕ್ಕೆ ಒಂದೆರಡು, ಮಕ್ಕಳಲ್ಲಿ ತುಸು ಹೆಚ್ಚು. ಆದರೆ ಸಾಮಾನ್ಯ ಕಲ್ಲಿನಲ್ಲೂ ವಂಶದ ಪಾಲು ದೊಡ್ಡದು. ಅಮೆರಿಕದ ಸೇನೆಯಲ್ಲಿದ್ದ ಅವಳಿ ಗಂಡಸರ ಮೇಲೆ ನಡೆದ 2005ರ ಅಧ್ಯಯನ ಆ ಪಾಲನ್ನು ಶೇಕಡಾ 56 ಎಂದು ಅಂದಾಜಿಸಿತು. 2009ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಕ್ಲಾಡಿನ್-14 ಎಂಬ ಜೀನಿನ ಸಾಮಾನ್ಯ ರೂಪಾಂತರಗಳಿಗೂ ಕಲ್ಲಿಗೂ ಇರುವ ನಂಟನ್ನು ತೋರಿಸಿದರು. ಮನೆಯಲ್ಲಿ ಕಲ್ಲಿನ ಇತಿಹಾಸವಿದ್ದರೆ ಅಪಾಯ ಸುಮಾರು ಎರಡೂವರೆ ಪಟ್ಟು. ಒಂದೇ ದೋಣಿಯಲ್ಲಿ, ಒಂದೇ ಬಿಸಿಲಲ್ಲಿ ದುಡಿದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕಲ್ಲಾಗುವುದೇಕೆ ಎಂದು ಈಗ ನನಗೆ ಅಚ್ಚರಿಯಿಲ್ಲ.

ವಂಶದ್ದು ಎಂದ ಕೂಡಲೇ ಕೆಲವರು ಕೈಚೆಲ್ಲುತ್ತಾರೆ. ಅದು ನನಗೆ ಬಹಳ ನೋವು ಕೊಡುತ್ತದೆ. ಒಂದು ಲೀಟರ್ ಮೂತ್ರದಲ್ಲಿ ಕರಗಿ ನಿಲ್ಲುವುದು ಸುಮಾರು 250 ಮಿಲಿಗ್ರಾಂ ಸಿಸ್ಟೀನ್. ದಿನಕ್ಕೆ 750 ಮಿಲಿಗ್ರಾಂ ಹೊರಹೋಗುವವರಿಗೆ ಮೂರು ಲೀಟರ್ ಮೂತ್ರವಾದರೂ ಆಗಲೇಬೇಕು. ರಾತ್ರಿ ಎದ್ದು ನೀರು ಕುಡಿಯಬೇಕು. ಮೂತ್ರದ ಆಮ್ಲತೆ ಇಳಿಸಲು ಪೊಟ್ಯಾಸಿಯಂ ಸಿಟ್ರೇಟ್ ಕೊಡುತ್ತಾರೆ. ಹುಡುಗ ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಪದೇ ಪದೇ ಹೊರಗೆ ಹೋಗಲು ಕೇಳುವುದಕ್ಕೆ ಅವನಿಗೆ ನಾಚಿಕೆ. ವೈದ್ಯರು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದುಕೊಟ್ಟರು.

ಆ ಮನೆಯಲ್ಲಿ ಮೂರನೆಯ ಮಗುವೂ ಇತ್ತು, ನಾಲ್ಕು ವರ್ಷದ್ದು. ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಜ್ಜಿಯೇ ಬೆಳಗಿನ ಬಸ್ಸಿನಲ್ಲಿ ಮೂತ್ರದ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದರು. ಒಂದು ಸ್ಲೈಡ್ ನೋಡಿದೆ, ಎರಡು ನೋಡಿದೆ, ಮೂರನೆಯದನ್ನೂ ಮಾಡಿದೆ. ಹರಳು ಕಾಣದಿದ್ದರೂ ಸಮಾಧಾನವಾಗದೆ, ವೈದ್ಯರನ್ನು ಕೇಳಿ ಸಿಸ್ಟೀನ್ ಪ್ರಮಾಣದ ಪರೀಕ್ಷೆಗೆ ಹೊರಗೆ ಕಳುಹಿಸಿದೆವು. ವರದಿ ಬಂದ ದಿನ ನಾನೇ ಫೋನ್ ಮಾಡಿ ಅಜ್ಜಿಗೆ ಹೇಳಿದೆ: ಚಿಕ್ಕದಕ್ಕೆ ಇಲ್ಲ.