ಸೇಂಟ್ ಆಂಡ್ರ್ಯೂಸ್ ಕೊಲ್ಲಿಯಲ್ಲಿ ಒಂದು ಬೆಳಗು

ದಕ್ಷಿಣ ಅಟ್ಲಾಂಟಿಕ್‌ನ ದ್ವೀಪವಾದ ದಕ್ಷಿಣ ಜಾರ್ಜಿಯಾದಲ್ಲಿ ದಡಕ್ಕಿಳಿಯುವ ಕೆಲಸ ಹಿಂದಿನ ರಾತ್ರಿಯೇ ಹಡಗಿನೊಳಗೆ ಶುರುವಾಗುತ್ತದೆ. ಬೂಟಿನ ಅಡಿಯ ಸಂದುಗಳಲ್ಲಿ ಕೂತ ಮಣ್ಣನ್ನು ಮೊನೆಯಿಂದ ಕೆರೆಯಬೇಕು, ವೆಲ್ಕ್ರೋಗೆ ಅಂಟಿದ ಹುಲ್ಲಿನ ಬೀಜಗಳನ್ನು ಚಿಮಟದಿಂದ ಕೀಳಬೇಕು, ಜೇಬುಗಳನ್ನು ತಿರುವಿ ದೂಳು ಹೀರಿಸಬೇಕು. ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ: ಹೊರಗಿನ ಜೀವಿ ಇಲ್ಲಿ ನೆಲೆಯೂರಿದರೆ ತೆಗೆಯುವುದು ಕಷ್ಟ. ಸೀಲ್ ಬೇಟೆಗಾರರ ಹಡಗುಗಳಿಂದ ಬಂದಿಳಿದ ಇಲಿಗಳನ್ನು ನಿರ್ಮೂಲ ಮಾಡಲು ಹೆಲಿಕಾಪ್ಟರಿನಿಂದ ವಿಷ ಸುರಿಯಬೇಕಾಯಿತು. ದ್ವೀಪ ಇಲಿಮುಕ್ತ ಎಂದು ಘೋಷಣೆಯಾದದ್ದು 2018ರಲ್ಲಿ. ಇಲ್ಲಿನ ಒಂದೇ ಒಂದು ಹಾಡುಹಕ್ಕಿ ಪಿಪಿಟ್. ನೆಲದ ಮೇಲೆ ಗೂಡು ಕಟ್ಟುವ ಅದು ಇಲಿ ಇದ್ದ ಕಡೆ ಬದುಕಲಾರದೆ ಹೋಗಿತ್ತು. ಈಗ ಟಸಕ್ ಹುಲ್ಲಿನ ಪೊದೆಗಳಿಂದ ಅದರ ದನಿ ಮತ್ತೆ ಕೇಳುತ್ತದೆ.

ನವೆಂಬರಿನ ಆ ಬೆಳಿಗ್ಗೆ ಅಲೆ ಸುಮಾರಾಗಿತ್ತು. ಸುಮಾರು 3 ಕಿಲೋಮೀಟರ್ ಉದ್ದದ ಈ ದಡ ಪೂರ್ವಕ್ಕೆ, ತೆರೆದ ಅಟ್ಲಾಂಟಿಕ್‌ಗೆ ಮುಖ ಮಾಡಿದೆ. ಅಲೆ ಜೋರಿದ್ದರೆ ರಬ್ಬರ್ ದೋಣಿಯನ್ನು ಹಿಂದುಮುಂದಾಗಿ ದಡಕ್ಕೆ ತರುತ್ತಾರೆ, ಮುಂಭಾಗ ಅಲೆಯನ್ನು ಎದುರಿಸಲಿ ಎಂದು. ಅಲೆಗಿಂತಲೂ ಹೆದರಬೇಕಾದದ್ದು ಗಾಳಿಗೆ. ಬೆನ್ನಿಗಿರುವ ಹಿಮನದಿಗಳ ಮೇಲೆ ತಣ್ಣಗಾಗಿ ಭಾರವಾದ ಗಾಳಿ ಒಮ್ಮೆಲೇ ಕೆಳಗೆ ಜಾರುತ್ತದೆ. ನಿಮಿಷಗಳಲ್ಲಿ ಕಡಲು ಬೆಳ್ಳಗಾಗಿ ದೋಣಿ ನಡೆಸಲಾಗದು. ಅದಕ್ಕೇ ಎಲ್ಲರಿಗಿಂತ ಮೊದಲು ಊಟ, ಡೇರೆ ತುಂಬಿದ ಡ್ರಮ್ಮುಗಳು ದಡ ಸೇರುತ್ತವೆ.

ಕಿಂಗ್ ಪೆಂಗ್ವಿನ್‌ಗಳ ದೊಡ್ಡ ಗುಂಪು ನೋಡಲು ಹಿಮ ಕರಗಿದ ನೀರಿನ ಹೊಳೆ ದಾಟಬೇಕು. ಸುಮಾರು ಒಂದೂವರೆ ಲಕ್ಷ ಜೋಡಿ. ಕಣ್ಣಿಗೆ ಬೀಳುವ ಮೊದಲೇ ವಾಸನೆ ಬರುತ್ತದೆ, ಆಮೇಲೆ ಕಹಳೆಯಂಥ ಸದ್ದು. ಇವು ಗೂಡು ಕಟ್ಟುವುದಿಲ್ಲ. ಒಂದೇ ಮೊಟ್ಟೆಯನ್ನು ಪಾದಗಳ ಮೇಲಿಟ್ಟು ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ, ಗಂಡು ಹೆಣ್ಣು ಸರದಿಯಲ್ಲಿ ಸುಮಾರು 54 ದಿನ ಕಾವು ಕೊಡುತ್ತವೆ. ಒಂದರ ಕೊಕ್ಕು ಇನ್ನೊಂದಕ್ಕೆ ತಾಕದಷ್ಟೇ ಅಂತರ ಬಿಟ್ಟು ನಿಂತಿರುತ್ತವೆ. ಯಾರಾದರೂ ನುಗ್ಗಿದರೆ ಆ ಅಂತರ ಕದಡಿ, ಜಗಳದಲ್ಲಿ ಮೊಟ್ಟೆ ಜಾರುತ್ತದೆ, ಮೊಟ್ಟೆ ಕದಿಯುವ ಕಡಲಹಕ್ಕಿ ಸ್ಕುವಾ ಕಾದೇ ಇರುತ್ತದೆ. ಕಂದು ತುಪ್ಪಳದ ಮರಿಗಳು ಹಿಂದಿನ ಬೇಸಿಗೆಯವು. ಇಡೀ ಚಳಿಗಾಲ ಅಪರೂಪಕ್ಕೆ ಸಿಕ್ಕ ತುತ್ತಿನಲ್ಲಿ ಉಳಿದಂಥವು. ಕಡಲಿನಿಂದ ಬಂದ ಪೆಂಗ್ವಿನ್ ಕೂಗಿತು. ಸಾವಿರ ಮರಿಗಳ ನಡುವಿನಿಂದ ಒಂದೇ ಮರಿ ಶಿಳ್ಳೆ ಹಾಕುತ್ತಾ ಓಡಿಬಂತು. ಗುರುತು ಹಿಡಿಯಲು ಅವಕ್ಕಿರುವುದು ದನಿಯೇ.

ಮರಳಿನಲ್ಲಿ ಎಲಿಫೆಂಟ್ ಸೀಲ್ ಮರಿಗಳು ಬಿದ್ದುಕೊಂಡಿದ್ದವು. ಸುಮಾರು 23 ದಿನ ಹಾಲೂಡಿಸಿ ತಾಯಂದಿರು ಕಡಲಿಗೆ ಮರಳಿರುತ್ತಾರೆ. 2023ರಲ್ಲಿ ದ್ವೀಪಕ್ಕೆ ಹಕ್ಕಿಜ್ವರ ಬಂತು, ಸೀಲ್‌ಗಳಿಗೂ ತಗಲಿತು. 2024ರಲ್ಲಿ ದೊಡ್ಡ ದಡಗಳಿಗೆ ಮರಿ ಹಾಕಲು ಬಂದ ಹೆಣ್ಣುಗಳ ಸಂಖ್ಯೆ 2022ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಸೋಂಕು ಹರಡದಿರಲೆಂದು ಈಗ ದಡದಲ್ಲಿ ಕೂರುವಂತಿಲ್ಲ, ಮಂಡಿ ಊರುವಂತಿಲ್ಲ, ಚೀಲ ಕೆಳಗಿಡುವಂತಿಲ್ಲ. ನೆಲಕ್ಕೆ ತಾಗುವುದು ಬೂಟು ಮಾತ್ರ. ಈ ನಿಯಮ ಬೇಕೇಬೇಕಿತ್ತು.

ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ, ಬೆಳಿಗ್ಗೆ ಮೊಣಕಾಲಿನವರೆಗಿದ್ದ ಹೊಳೆ ತೊಡೆ ಮುಟ್ಟಿತ್ತು. ಒಬ್ಬರ ಭುಜ ಇನ್ನೊಬ್ಬರು ಹಿಡಿದು, ಹರಿವಿಗೆ ಓರೆಯಾಗಿ ದಾಟಬೇಕಾಯಿತು. ಹಡಗಿನ ಮೆಟ್ಟಿಲ ಬಳಿ ಮತ್ತೆ ಬ್ರಷ್ಷು, ಮತ್ತೆ ಸೋಂಕುನಿವಾರಕದ ತೊಟ್ಟಿ. ಉಜ್ಜಿದಷ್ಟೂ ಬೂಟಿನಿಂದ ಕಂದು ನೀರು ಇಳಿಯುತ್ತಲೇ ಇತ್ತು.