ಲೆಕ್ಕಕ್ಕೆ ಸಿಗದ ಒಂದೂವರೆ ಓಮ್

ಶಿಡ್ಲಘಟ್ಟದ ಕಡೆ ಡಿಸೆಂಬರ್ ಬಂತೆಂದರೆ ಮನುಷ್ಯರಿಗೆ ಕಂಬಳಿ, ರೇಷ್ಮೆ ಹುಳುಗಳಿಗೆ ಹೀಟರ್. ಆ ಸಲ ಅಮ್ಮ ಚಾಕಿ ಹುಳು, ಅಂದರೆ ಬೇರೆಯವರು ಸಾಕಿ ಮಾರುವ ಎಳೆಯ ಹುಳು, ಕೊಳ್ಳದೆ ನೂರು ಮೊಟ್ಟೆ (ನೂರು ಚಿಟ್ಟೆಗಳು ಇಟ್ಟಷ್ಟು) ತಂದು ಮನೆಯಲ್ಲೇ ಮರಿ ಮಾಡಿಸಿದ್ದಳು. ಎಳೆಯ ಹುಳುವಿಗೆ 27-28 ಡಿಗ್ರಿ ಶಾಖ ಬೇಕು. ಹೀಟರ್ ಹಾಕಿದರೂ ಹುಳುಮನೆಯ ಥರ್ಮಾಮೀಟರ್ 21 ದಾಟುತ್ತಿರಲಿಲ್ಲ. ಮೂರು ನಾಲ್ಕು ದಿನಕ್ಕೆ ಮೊದಲ ಜ್ವರಕ್ಕೆ ಕೂರಬೇಕಾದ ಹುಳು ಐದನೇ ದಿನವೂ ಸೊಪ್ಪಿನ ಚೂರಿನ ಮೇಲೆ ಮಂಕಾಗಿ ತೆವಳುತ್ತಿತ್ತು. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆ ಜ್ವರ ಬರಲಿಲ್ಲವೆಂದರೆ ರೈತನಿಗೆ ಬರುತ್ತದೆ.

ಶನಿವಾರ ನಾನು ಬೆಂಗಳೂರಿನಿಂದ ಬರುವಷ್ಟರಲ್ಲಿ ಅಪ್ಪ ತೀರ್ಪು ಕೊಟ್ಟಾಗಿತ್ತು: "ಎರಡು ಸಾವಿರ ವ್ಯಾಟ್ ಎಂದು ಹೇಳಿ ಸಾವಿರದ್ದು ಕೊಟ್ಟಿದ್ದಾನೆ. ಸೋಮವಾರ ಹೋಗಿ ಅಂಗಡಿಯವನನ್ನು ವಿಚಾರಿಸಿಕೊಳ್ಳುತ್ತೇನೆ."

ಮೋಟಾರ್ ರಿವೈಂಡಿಂಗ್ ಮಾಡುವ ಮಾವನಿಂದ, ತಂತಿಯನ್ನು ಬಾಯಲ್ಲಿ ಕಚ್ಚಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಇಸಿದುಕೊಂಡು ಬಂದೆ. ಹೀಟರಿನ ವೈರಿಗೆ ಅದರ ಬಾಯಿ ಕಚ್ಚಿಸಿದರೆ ಸೊನ್ನೆ ಆಂಪಿಯರ್! ಹೀಟರ್ ಕೆಂಪಗೆ ಉರಿಯುತ್ತಿದೆ, ಮೀಟರ್ ಏನೂ ಇಲ್ಲ ಎನ್ನುತ್ತಿದೆ. ಮಾವನಿಗೆ ಫೋನ್ ಮಾಡಿದೆ. "ಎರಡೂ ತಂತಿಯನ್ನು ಒಟ್ಟಿಗೆ ಹಿಡಿದಿದ್ದೀಯಲ್ಲೋ, ಹೋಗಿದ್ದು ಬಂದಿದ್ದು ವಜಾ ಆಗದೆ ಇನ್ನೇನಾಗುತ್ತದೆ? ಒಂದನ್ನೇ ಹಿಡಿ" ಎಂದು ನಕ್ಕರು. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ನನಗೆ 91 ಬಂದಿತ್ತು ಎಂಬುದನ್ನು ಅವರಿಗೆ ಹೇಳಲಿಲ್ಲ.

ಒಂದನ್ನೇ ಹಿಡಿದಾಗ 6.6 ಆಂಪಿಯರ್. ಪ್ಲಗ್ಗಿನಲ್ಲಿ 174 ವೋಲ್ಟ್. ಗುಣಿಸಿದರೆ ಸುಮಾರು 1,150 ವ್ಯಾಟ್. ಅಪ್ಪನ ಮುಖದಲ್ಲಿ ಗೆಲುವು. ಆದರೆ ಭಾಗಿಸಿದಾಗ ಕಥೆಯೇ ಬೇರೆಯಾಯಿತು. 174ನ್ನು 6.6ರಿಂದ ಭಾಗಿಸಿದರೆ 26.4 ಓಮ್. 230 ವೋಲ್ಟಿಗೆ ಎರಡು ಸಾವಿರ ವ್ಯಾಟ್ ಕೊಡುವ ಹೀಟರಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಎಷ್ಟಿರಬೇಕು? 230ರ ವರ್ಗವನ್ನು 2,000ದಿಂದ ಭಾಗಿಸಿ: 26.45. ಅಂಗಡಿಯವನು ನಿರಪರಾಧಿ. ರೋಧ ಅಷ್ಟೇ ಇದ್ದು ವೋಲ್ಟ್ ಇಳಿದರೆ ಕರೆಂಟೂ ಇಳಿಯುತ್ತದೆ, ಹಾಗಾಗಿ ಶಾಖಕ್ಕೆ ಎರಡೆರಡು ಏಟು. ವೋಲ್ಟ್ ಮುಕ್ಕಾಲಾದರೆ ಶಾಖ ಅರ್ಧಕ್ಕೆ ಹತ್ತಿರ.

"ಹಾಗಾದರೆ ಲೈನೇ ಲೋ ವೋಲ್ಟೇಜು" ಎಂದು ಅಪ್ಪ ಹೊಸ ಆರೋಪಿಯನ್ನು ಹುಡುಕಿದರು. ಮನೆಯ ಮೀಟರ್ ಬೋರ್ಡಿನಲ್ಲಿ ನೋಡಿದೆ: ಹೀಟರ್ ಉರಿಯುತ್ತಿರುವಾಗಲೇ 218. ಮನೆಗೂ ತೋಟದ ಹುಳುಮನೆಗೂ ನಡುವೆ 44 ವೋಲ್ಟ್ ಎಲ್ಲೋ ಸೋರಿತ್ತು. ನಡುವೆ ಇದ್ದದ್ದು ಅಪ್ಪನೇ ಹತ್ತು ವರ್ಷದ ಹಿಂದೆ ಒಂದು ಬಲ್ಬಿಗೆಂದು ಎಳೆದಿದ್ದ ವೈರು. ಅಪ್ಪ ಕೆಮ್ಮಿದರು.

44ನ್ನು 6.6ರಿಂದ ಭಾಗಿಸಿದರೆ ವೈರಿನ ರೋಧ 6.7 ಓಮ್ ಆಗುತ್ತದೆ. ಅಲ್ಲೇ ವ್ಯರ್ಥವಾಗುತ್ತಿದ್ದದ್ದು 290 ವ್ಯಾಟ್. ರಾತ್ರಿ ಹತ್ತು ಗಂಟೆ ಉರಿಸಿದರೆ ಸುಮಾರು ಮೂರು ಯೂನಿಟ್ ಹೊಂಗೆ ಮರಗಳಿಗೆ ನೈವೇದ್ಯ. ಗೃಹಜ್ಯೋತಿ ಬಂದ ಮೇಲೆ ಅಪ್ಪ ಮೀಟರಿನ ಕಡೆ ನೋಡುವುದನ್ನೇ ಬಿಟ್ಟಿದ್ದರು, ಅದು ಬೇರೆ ಮಾತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಓಮ್ ಎಂಬ ಮೇಷ್ಟ್ರು 1820ರ ದಶಕದಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ, ಬೇರೆ ಬೇರೆ ಉದ್ದದ ತಂತಿ ಕಟ್ಟಿ ಕರೆಂಟು ಎಷ್ಟು ಕುಗ್ಗುತ್ತದೆಂದು ನೋಡಿದ್ದು? ಹಾಗೆಂದುಕೊಂಡು ಉದ್ದದ ಲೆಕ್ಕವನ್ನೂ ಹಾಕಿದೆ. ಹೋಗಲು 150 ಮೀಟರ್, ಬರಲು 150. ಒಂದು ಚದರ ಮಿಲಿಮೀಟರ್ ತಾಮ್ರ ಮೀಟರಿಗೆ 0.0172 ಓಮ್. ಒಟ್ಟು 5.2 ಓಮ್ ಬರುತ್ತದೆ. ಅಳೆದದ್ದು 6.7. ಮತ್ತೆ ಗುಣಿಸಿದೆ, ಮತ್ತೆ ಅಳೆದೆ. ಒಂದೂವರೆ ಓಮ್ ಯಾವ ಲೆಕ್ಕಕ್ಕೂ ಸಿಗಲಿಲ್ಲ.

"ಅಪ್ಪ, ಮಧ್ಯದಲ್ಲಿ ಎಲ್ಲಾದರೂ ಗಂಟು ಹಾಕಿದ್ದಿರಾ?"

"ಒಂದು ಕಾಯಿಲ್ ಎಂದರೆ ತೊಂಬತ್ತು ಮೀಟರ್. ಹಾಕದೆ ಇರಲಾಗುತ್ತದೆಯೇ?"

6.6ರ ವರ್ಗವನ್ನು ಒಂದೂವರೆಯಿಂದ ಗುಣಿಸಿದರೆ 65 ವ್ಯಾಟ್. ಹಳೆಯ ಕಾಲದ ಅರವತ್ತರ ಬಲ್ಬಿನಷ್ಟು ಶಾಖ, ಬೆಳಕಿಲ್ಲದೆ, ಯಾರ ಕಣ್ಣಿಗೂ ಬೀಳದೆ. ಮೇನ್ ಆಫ್ ಮಾಡಿ ಬ್ಯಾಟರಿ ಹಿಡಿದು ಹೊರಟೆವು. ಮೂರನೇ ಹೊಂಗೆ ಮರದ ಕವಲಿನಲ್ಲಿ ಎರಡು ಜಾಯಿಂಟ್ ಅಕ್ಕಪಕ್ಕ ಇದ್ದವು. ಒಂದು ತಣ್ಣಗಿತ್ತು. ಇನ್ನೊಂದರ ಟೇಪು ಕರಗಿ ಬೆಲ್ಲದ ಪಾಕದಂತೆ ಇಳಿದು, ಒಳಗಿನ ತಾಮ್ರ ಕಪ್ಪಾಗಿ ಹಸಿರು ಹಿಡಿದಿತ್ತು. ಅದರ ಮೈಗೆ ಒಣ ಎಲೆಗಳು ಅಂಟಿಕೊಂಡಿದ್ದವು. ಮರದ ಬುಡದಿಂದ ನಾಲ್ಕು ಹೆಜ್ಜೆಗೆ ನಮ್ಮ ಹುಲ್ಲಿನ ಬಣವೆ. ಅಪ್ಪ ಬ್ಯಾಟರಿಯನ್ನು ಒಮ್ಮೆ ಬಣವೆಯ ಕಡೆ ತಿರುಗಿಸಿ, ಏನೂ ಮಾತಾಡದೆ ಮತ್ತೆ ಗಂಟಿನ ಕಡೆ ತಿರುಗಿಸಿದರು.

ಆ ರಾತ್ರಿ ಹೀಟರ್ ಹಾಕಲಿಲ್ಲ. ಅಮ್ಮ ಇದ್ದಿಲ ಒಲೆ ಇಟ್ಟು, ಹೊಗೆಯಾಡದಂತೆ ಕಾಯುತ್ತಾ ಕುಳಿತಳು. ಭಾನುವಾರ ಆರು ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಸರ್ವಿಸ್ ವೈರನ್ನು ನಡುವೆ ಗಂಟಿಲ್ಲದೆ ಎಳೆದೆವು. ತಾಮ್ರದಷ್ಟು ಒಳ್ಳೆಯ ವಾಹಕವಲ್ಲ, ಆದರೆ ಅಡ್ಡಕೊಯ್ತ ಆರು ಪಟ್ಟು. ಈಗ ಹುಳುಮನೆಯಲ್ಲಿ 206 ವೋಲ್ಟ್, 7.8 ಆಂಪಿಯರ್, 1,600 ವ್ಯಾಟಿನ ಆಸುಪಾಸು. ಸಂಜೆಗೆ ಥರ್ಮಾಮೀಟರ್ 27 ಮುಟ್ಟಿತು. ಮಂಗಳವಾರ ಅಮ್ಮ ಫೋನಿನಲ್ಲಿ ಪಿಸುಮಾತಿನಲ್ಲಿ ಹೇಳಿದಳು: "ಜ್ವರಕ್ಕೆ ಕೂತಿವೆ ಕಣೋ." ಹುಳುಗಳಿಗೆ ಕೇಳಿಸಿ ಎಚ್ಚರವಾಗಬಾರದೆಂಬಂತೆ.

ಹಳೆಯ ವೈರಿನ ತೊಗಟೆ ಸುಲಿದು ಅಪ್ಪ ತಾಮ್ರವನ್ನು ಗುಜರಿಗೆ ಒಯ್ದರು. 300 ಮೀಟರ್ ಎಂದರೆ 2.7 ಕೆಜಿ ಇರಬೇಕು ಎಂದು ನಾನು ಮೊದಲೇ ಲೆಕ್ಕ ಕೊಟ್ಟಿದ್ದೆ. ಅಂಗಡಿಯ ತಕ್ಕಡಿಯಲ್ಲಿ 2.3 ಬಂತಂತೆ.

"ಇಲ್ಲೂ ಎಲ್ಲೋ ಗಂಟು ಇದೆ" ಎಂದರು ಅಪ್ಪ.