ಪುಣ್ಯ ಅವರಿಗೆ, ಪೊರಕೆ ಯಾರಿಗೆ?

2025ರ ಆಗಸ್ಟ್‌ನಲ್ಲಿ ಮುಂಬೈ ಪಾಲಿಕೆಯವರು ದಾದರ್ ಕಬೂತರ್‌ಖಾನಾಕ್ಕೆ, ಅಂದರೆ ಜನ ಪಾರಿವಾಳಗಳಿಗೆ ಕಾಳು ಹಾಕುವ ಜಾಗಕ್ಕೆ, ಯಾರೂ ಕಾಳು ಹಾಕದಿರಲಿ ಅಂತ ತಾಡಪಾಲು ಹೊದಿಸಿದರು. ಜೈನ ಸಮುದಾಯದ ಕೆಲವರು ಬಂದು ಅದನ್ನು ಹರಿದು ಹಾಕಿದರು. ಆ ಜಗಳ ನಮ್ಮ ಮಾಟುಂಗಾ ಬಿಲ್ಡಿಂಗಿನ ಲಿಫ್ಟ್‌ವರೆಗೂ ಬಂತು.

ನಮ್ಮ ಅತ್ತೆಗೆ ಉಬ್ಬಸ. ಪಾರಿವಾಳದ ಹಿಕ್ಕೆಯ ಧೂಳಿನಿಂದ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್, ಅಂದರೆ ಅಲರ್ಜಿಯಿಂದ ಶ್ವಾಸಕೋಶದ ಉರಿಯೂತ ಬರುತ್ತದೆ. ಹಾಗೇ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಬಹುದು. ಹೈಕೋರ್ಟ್ ಕೂಡ ಜನರ ಆರೋಗ್ಯವೇ ಮೊದಲು ಎಂದಿತು. ನನಗೂ ಅದೇ ಸರಿ ಅನಿಸುತ್ತದೆ.

ಹಾಗಂತ ಮೂರನೇ ಮಹಡಿಯ ಗುಜರಾತಿ ಅಜ್ಜಿಯನ್ನು ಬೈಯಲು ಮನಸ್ಸು ಬರಲ್ಲ. ದಿನಾ ಒಂದು ಹಿಡಿ ಜೋಳ ಹಾಕುವುದು ಅವರಿಗೆ ಜೀವದಯೆ. ತಿಥಿಯ ದಿನ ಕಾಗೆ ಬರುವವರೆಗೆ ನಾವೂ ಊಟಕ್ಕೆ ಕೂರಲ್ಲ, ಅಲ್ವಾ?

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಾಳು ಹಾಕಿದವರಿಗೆ ಪುಣ್ಯ. ಎಸಿ ಹಿಂದೆ ಅಂಟಿದ ಹಿಕ್ಕೆ ಕೆರೆಯುವುದು ಮಾತ್ರ ಮನೆಕೆಲಸದವಳು, ಮೂಗಿಗೆ ಸೆರಗು ಕಟ್ಟಿಕೊಂಡು. ಸೊಸೈಟಿ ಮೀಟಿಂಗಿನಲ್ಲಿ ಧರ್ಮ, ಭಾಷೆ, ಓಟು ಎಲ್ಲಾ ಬಂತು. ಅವಳ ಶ್ವಾಸಕೋಶದ ಮಾತು ಯಾರೂ ಎತ್ತಲಿಲ್ಲ.

ಕೊನೆಗೆ ಪಾರಿವಾಳ ಬರದಂತೆ ಕಿಟಕಿಗೆ ನೆಟ್ ಹಾಕುವವನನ್ನು ಕರೆಸಿದೆ. ಎಸಿ ಹಿಂದೆ ಗೂಡು. ಗೂಡೇನು ಬಂತು, ನಾಲ್ಕು ಪೊರಕೆಕಡ್ಡಿ, ಒಂದು ತುಂಡು ವೈರು, ನಡುವೆ ಎರಡು ಬಿಳಿ ಮೊಟ್ಟೆ. ಅತ್ತೆ ಬಗ್ಗಿ ನೋಡಿ, "ಮರಿ ಹಾರಿ ಹೋಗಲಿ ಮಾರಾಯ, ಆಮೇಲೆ ಹಾಕು" ಅಂದರು. ಉಬ್ಬಸ ಇರುವುದು ಅವರಿಗೇ!

ಮೊಟ್ಟೆ ಒಡೆಯಲು ಸುಮಾರು 18 ದಿನ, ಮರಿ ಹಾರಲು ಇನ್ನೊಂದು ತಿಂಗಳು. ಅಲ್ಲಿಯವರೆಗೆ ಆ ಕಿಟಕಿ ಬಂದ್. ನೆಟ್‌ನವನು ಅಡ್ವಾನ್ಸ್ ಮಾತ್ರ ವಾಪಸ್ ಕೊಡಲ್ಲವಂತೆ.